ಅಂಚಿನಲ್ಲಿ ಉಳಿದ ಬೆರಳುಗಳು

ನನ್ನ ಮಗ ನನ್ನ ಮಗಳನ್ನು ಫೋಟೋದಿಂದ ಕತ್ತರಿಸಿ ತೆಗೆದ. ನಡೆದದ್ದು ಇಷ್ಟೇ. ಸ್ಕ್ಯಾನರ್ ಕೈಕೊಟ್ಟಿತು, ಕಂಪ್ಯೂಟರಿಗೆ ವೈರಸ್ ಬಂದಿತ್ತು, ಫೈಲು ಅದಲುಬದಲಾಯಿತು ಅಂತ ನಮ್ಮ ಮನೆಯಲ್ಲಿ ಇವತ್ತಿಗೂ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಹೇಳಿಕೊಳ್ಳಲಿ. ಸ್ಕ್ಯಾನರಿಗೆ ನನ್ನ ಮಗಳ ಮೇಲೆ ಏನು ದ್ವೇಷ? ಅದಕ್ಕೆ ಅವಳು ಯಾರನ್ನು ಮದುವೆಯಾದಳು ಅಂತ ಗೊತ್ತೇ?

ನಾನು ಓದಿದ್ದು ನಾಲ್ಕನೇ ಕ್ಲಾಸಿನ ತನಕ. ಕಾಗುಣಿತ ತಪ್ಪಿದ್ದರೆ ತಿದ್ದಿಕೊಂಡು ಓದಿ. ವಿಷಯ ತಪ್ಪಿಲ್ಲ.

ನಮ್ಮ ಯಜಮಾನರು ಅಹಮದಾಬಾದಿನಲ್ಲಿ ಕೇಂದ್ರ ಸರ್ಕಾರದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದರು. ಇಂಜಿನಿಯರುಗಳು ತಲೆಯಲ್ಲಿ ನೆನೆಸಿಕೊಂಡದ್ದನ್ನು ಇವರು ಗೆರೆ ಎಳೆದು ಕಾಗದಕ್ಕೆ ಇಳಿಸಬೇಕು. ನಾನು ತಿಪಟೂರಿನಿಂದ ಮದುವೆಯಾಗಿ ಅಲ್ಲಿಗೆ ಹೋದವಳು. ಮಗಳು, ಆಮೇಲೆ ಮಗ, ಇಬ್ಬರೂ ಅಲ್ಲೇ ಹುಟ್ಟಿದರು. ಇವರು ರಿಟೈರ್ ಆದ ಮೇಲೆ ವಡೋದರಕ್ಕೆ ಬಂದು ಮಗನ ಮನೆಯಲ್ಲಿದ್ದೆವು. ಮಗ ಅಲ್ಲೇ ಮಕರಪುರದ ಒಂದು ಕಾರ್ಖಾನೆಯಲ್ಲಿ ಇಂಜಿನಿಯರು. ಸೊಸೆ ನಮ್ಮ ಕಡೆಯವಳೇ, ಒಳ್ಳೆಯವಳು, ಆದರೆ ಗಂಡ ಹೂಂ ಅಂದರೆ ಹೂಂ, ಉಹೂಂ ಅಂದರೆ ಉಹೂಂ.

ತೊಂಬತ್ತರ ದಶಕ ಮುಗಿಯುತ್ತಾ ಬಂದಾಗ ಮಗ ಮನೆಗೆ ಕಂಪ್ಯೂಟರ್ ತಂದ. ಅದನ್ನು ಒಂದು ರೂಮಿನಲ್ಲಿ ಕೂರಿಸಿ, ಮೇಲೆ ಕಸೂತಿ ಬಟ್ಟೆ ಹೊದಿಸಿದ್ದಾಯಿತು. ಸೊಸೆ ಕುಂಕುಮ ಇಟ್ಟಳು. ಚಪ್ಪಲಿ ಹಾಕಿಕೊಂಡು ಒಳಗೆ ಬರೋ ಹಾಗಿಲ್ಲ, ಧೂಳು ಬೀಳೋ ಹಾಗಿಲ್ಲ, ಒದ್ದೆ ಕೈಯಲ್ಲಿ ಮುಟ್ಟೋ ಹಾಗಿಲ್ಲ. ನಮ್ಮ ದೇವರಿಗೆ ಅಷ್ಟು ಮಡಿ ಇರಲಿಲ್ಲ.

ಅದರಲ್ಲಿ ಅವನು ಮಾಡುತ್ತಿದ್ದದ್ದು ಫೋಟೋಗಳ ಆಟ. ಹಳೇ ಆಲ್ಬಮ್ಮಿನ ಫೋಟೋ ಕಿತ್ತು ಸ್ಕ್ಯಾನರಿನ ಗಾಜಿನ ಮೇಲೆ ಬೋರಲು ಹಾಕಿ ಮುಚ್ಚಳ ಮುಚ್ಚುವುದು. ಒಳಗೆ ಒಂದು ಬೆಳಕು ಆ ತುದಿಯಿಂದ ಈ ತುದಿಗೆ ತೆವಳುವುದು. ಅಷ್ಟರಲ್ಲಿ ನಾನು ಒಲೆ ಮೇಲಿನ ಬೇಳೆ ನೋಡಿ ಬರಬಹುದಿತ್ತು. ಆಮೇಲೆ ಕಂಪ್ಯೂಟರಿನ ಪರದೆಯಲ್ಲಿ ಫೋಟೋ ಬರುತ್ತಿತ್ತು. ಅಂಥವನ್ನು ಸಾಲಾಗಿ ಜೋಡಿಸಿ, ಒಂದು ಹೋಗಿ ಇನ್ನೊಂದು ಬರುವಾಗ ಹೇಗೆ ಬರಬೇಕು ಅಂತ ಹೇಳಿಕೊಡಬೇಕು. ಹಾರಿ ಬರುತ್ತೋ, ಉರುಳಿ ಬರುತ್ತೋ, ಕರಗಿ ಬರುತ್ತೋ. ಹಿಂದೆ ನಾದಸ್ವರ ಬೇಕಾದರೆ ಅದೂ ಹಾಕಬಹುದು. ಸ್ಲೈಡ್ ಶೋ ಅಂತ ಅದರ ಹೆಸರು.

ಮೊದಮೊದಲು ನನ್ನನ್ನು ಕರೆದದ್ದು ಫೋಟೋದಲ್ಲಿ ಇರುವವರು ಯಾರು ಅಂತ ಹೇಳಲಿಕ್ಕೆ.

"ಅಮ್ಮ, ಈ ಕೋಟು ಹಾಕಿರೋರು ಯಾರು?"

"ನಿಮ್ಮ ತಾತನ ತಮ್ಮ. ಕೋಟು ಅವರದ್ದಲ್ಲ, ಸ್ಟುಡಿಯೋದವನದ್ದು. ಒಳಗೆ ಬನಿಯನ್ನು."

ಅವನು ನಗುತ್ತಿದ್ದ. ಒಂದು ಭಾನುವಾರ, ಎರಡು ಭಾನುವಾರ, ಆಮೇಲೆ ಪ್ರತಿ ಭಾನುವಾರ. ನನಗೂ ರುಚಿ ಹತ್ತಿತು. ಇದನ್ನು ಮುಚ್ಚಿಡುವುದಕ್ಕೇನಿದೆ. ಮದುವೆಯಾದಾಗಿನಿಂದ ನನಗೆ ಅಡುಗೆ, ಬಟ್ಟೆ, ನೀರು ಬಿಟ್ಟು ಬೇರೆ ಕೆಲಸವೇ ಗೊತ್ತಿರಲಿಲ್ಲ. ಈಗ ಕುರ್ಚಿ ಮೇಲೆ ಕೂತು "ಅದು ಬೇಡ, ಇದು ಮೊದಲು ಬರಲಿ" ಅಂತ ಹೇಳುವುದು, ಹೇಳಿದ ಹಾಗೆ ಆಗುವುದು. ಅವನು ಇಲ್ಲದಾಗ ಮೌಸು ಹಿಡಿಯುವುದನ್ನೂ ಕಲಿತೆ. ಬಾಣದ ಗುರುತು ನಾನು ಹೇಳಿದ ಕಡೆ ಹೋಗದೆ ಮೂಲೆಗೆ ಓಡುತ್ತಿತ್ತು. ಅದನ್ನು ಬೈದು ಬೈದು ದಾರಿಗೆ ತಂದೆ.

ಫೋಟೋ ಬರುವ ರೀತಿಗಳಿಗೆಲ್ಲ ಇಂಗ್ಲಿಷಿನಲ್ಲಿ ಹೆಸರಿತ್ತು. ನನ್ನ ನಾಲಿಗೆಗೆ ಅವು ಹೊರಳಲಿಲ್ಲ. ನನ್ನ ಹೆಸರು ನಾನೇ ಇಟ್ಟುಕೊಂಡೆ. ಚುಕ್ಕಿ ಚುಕ್ಕಿಯಾಗಿ ಉದುರಿ ಬರುವುದಕ್ಕೆ ಜರಡಿ. ನಡುವೆ ಸೀಳಿ ಎರಡು ಕಡೆ ಸರಿಯುವುದಕ್ಕೆ ಬಾಗಿಲು. ಒಂದು ಕಡೆಯಿಂದ ಸುತ್ತಿಕೊಂಡು ಹೋಗುವುದಕ್ಕೆ ಚಾಪೆ. ಮಗನೂ ಅದನ್ನೇ ಹಿಡಿದ.

"ಅಮ್ಮ, ಚಿಕ್ಕಜ್ಜಿಗೆ ಏನು ಹಾಕಲಿ?"

"ಚಾಪೆ ಹಾಕು. ಬದುಕಿದ್ದಷ್ಟು ದಿನ ಎಲ್ಲರಿಗೂ ಹಾಸಿ ಸುತ್ತಿದ್ದೇ ಆಯಿತು ಅವರದು."

"ಮಾವನಿಗೆ?"

"ಜರಡಿ. ಸುಳ್ಳೆಲ್ಲ ಕೆಳಗೆ ಉದುರಲಿ."

ಹೀಗೆ ನಾವಿಬ್ಬರೂ ಕೂತು ನಗುತ್ತಿದ್ದೆವು. ಸಿಟ್ಟು ಯಾಕೆ ಇಷ್ಟು ಬಂತು ಅಂತ ನಿಮಗೆ ತಿಳಿಯಬೇಕಾದರೆ ಈ ನಗು ನಿಮಗೆ ಗೊತ್ತಿರಬೇಕು. ಯಾರೋ ಹೊರಗಿನವನು ಮಾಡಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಇನ್ನು ಮಗಳ ವಿಷಯ. ಕೆಲಸ ಮಾಡುವಲ್ಲೇ ಒಬ್ಬ ಗುಜರಾತಿ ಹುಡುಗನನ್ನು ಒಪ್ಪಿದಳು. ಬಂದು ಹೇಳಿದಳು, ಕದ್ದು ಓಡಿಹೋಗಲಿಲ್ಲ. ಇವರು ಬಾಗಿಲಲ್ಲಿ ನಿಂತು, "ಅವನನ್ನು ಮಾಡಿಕೊಂಡರೆ ಈ ಹೊಸ್ತಿಲು ತುಳಿಯಬೇಡ" ಅಂದರು. ಅವಳು ಮಾಡಿಕೊಂಡಳು, ತುಳಿಯಲಿಲ್ಲ. ಇಬ್ಬರೂ ಒಂದೇ ಅಚ್ಚು. ಅಳಿಯನಿಗೆ ಸೂರತ್ ಹತ್ತಿರ ಹಜೀರಾದ ಒಂದು ಕಂಪನಿಯಲ್ಲಿ ಕೆಲಸ, ಅಲ್ಲೇ ಕಾಲೊನಿಯಲ್ಲಿ ಮನೆ. ಒಂದು ಮಗುವೂ ಆಯಿತು. ಅವಳ ಹೆಸರನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ನಾನು ಎತ್ತಿದರೆ ಇವರು ಪೇಪರ್ ಮಡಿಚಿಟ್ಟು ಬಾಲ್ಕನಿಗೆ ಹೋಗುತ್ತಿದ್ದರು. ತರಕಾರಿಗೆ ಹೋದಾಗ ಎಸ್‌ಟಿಡಿ ಬೂತಿನಿಂದ ನಾನು ಅವಳಿಗೆ ಫೋನು ಮಾಡುತ್ತಿದ್ದೆ. ಕದ್ದೇನೂ ಅಲ್ಲ. ವಾಪಸ್ ಬಂದು "ಮಗುವಿಗೆ ಹಲ್ಲು ಬಂದಿದೆಯಂತೆ" ಅಂತ ಗೋಡೆಗೆ ಹೇಳುತ್ತಿದ್ದೆ. ಗೋಡೆಯ ಪಕ್ಕ ಇವರಿರುತ್ತಿದ್ದರು. ಹೆಸರಿಲ್ಲದ ಮಾತಾದ್ದರಿಂದ ಎದ್ದು ಹೋಗುತ್ತಿರಲಿಲ್ಲ.

ಇವರಿಗೆ ಎಪ್ಪತ್ತು ತುಂಬುವ ಹೊತ್ತಿಗೆ ಭೀಮರಥ ಶಾಂತಿ ಮಾಡಬೇಕು ಅಂತ ಮಗ ಹೊರಟ. ಊರಿಂದ ನೆಂಟರನ್ನು ಕರೆಸುವುದು, ವಡೋದರದ ಕನ್ನಡದವರನ್ನೆಲ್ಲ ಕರೆಯುವುದು, ಬಾಡಿಗೆಗೆ ಹಿಡಿದ ಹಾಲ್‌ನಲ್ಲಿ ಹೋಮ, ಊಟ. ಊಟ ಮುಗಿದ ಮೇಲೆ ಪರದೆ ಕಟ್ಟಿ, ಪ್ರೊಜೆಕ್ಟರ್ ತಂದು, ಅಪ್ಪನ ಜೀವನದ ಸ್ಲೈಡ್ ಶೋ.

ನಾನು ಆಗಲೇ ಹೇಳಿದೆ. "ಅಕ್ಕನ ಫೋಟೋ ಬರಬೇಕು ಕಣೋ."

ಅವನು ಮೌಸು ಬಿಟ್ಟ. "ಅಮ್ಮ, ಅಪ್ಪ ಏನಂತಾರೋ."

"ಅಪ್ಪನ ಜೀವನ ಅಂತೀಯ. ಮೊದಲು ಹುಟ್ಟಿದವಳು ಅವಳು. ಅವಳಿಲ್ಲದೆ ನೀನು ಎಲ್ಲಿಂದ ಶುರು ಮಾಡ್ತೀಯ?"

ಮೌಸಿನ ವೈರನ್ನು ಬೆರಳಿಗೆ ಸುತ್ತಿಕೊಂಡ, ಬಿಚ್ಚಿದ. ಆಮೇಲೆ ಆಯ್ತು ಅಂದ. ಆಯ್ತು ಅಂದ ಅನ್ನೋದನ್ನು ಮರೆಯಬೇಡಿ.

ನಾನು ಆರಿಸಿದ್ದು ಅಹಮದಾಬಾದಿನ ಕಾಂಕರಿಯಾ ಕೆರೆಯ ಹತ್ತಿರ ತೆಗೆಸಿದ ಫೋಟೋ. ನಾವು ನಾಲ್ವರೂ ಒಟ್ಟಿಗೆ ಇರುವ ಚೆನ್ನಾದ ಫೋಟೋ ಅದೊಂದೇ. ಎಡಗಡೆ ಇವರು. ಬಲಗಡೆ ನಾನು, ತೊಡೆ ಮೇಲೆ ಮಗ. ನಡುವೆ ಮಗಳು ನಿಂತಿದ್ದಾಳೆ, ಎರಡು ಜಡೆ, ಒಂದು ಕೈ ಅಪ್ಪನ ಹೆಗಲ ಹಿಂದೆ, ಇನ್ನೊಂದು ಕೈಯಲ್ಲಿ ನನ್ನ ತೋಳು ಗಟ್ಟಿಯಾಗಿ ಹಿಡಿದಿದ್ದಾಳೆ, ಬಿಟ್ಟರೆ ಕೆರೆಗೆ ಬೀಳುವವಳ ಹಾಗೆ.

"ಇದಕ್ಕೆ ಏನು ಹಾಕಲಿ? ಬಾಗಿಲಾ?" ಅಂತ ಕೇಳಿದ.

"ಏನೂ ಬೇಡ. ಸುಮ್ಮನೆ ಬರಲಿ. ಬಂದು ನಿಲ್ಲಲಿ. ಬೇರೆಯವಕ್ಕಿಂತ ಜಾಸ್ತಿ ಹೊತ್ತು ನಿಲ್ಲಲಿ, ಅವರು ನೋಡಬೇಕು."

ಎಷ್ಟು ಹೊತ್ತು ನಿಲ್ಲಬೇಕು ಅನ್ನೋದನ್ನು ನಾನೇ ಹಾಕಿದೆ, ನನ್ನ ಕೈಯಾರೆ.

ಆ ವಾರ ಬೂತಿನಿಂದ ಮಗಳಿಗೆ ಹೇಳಿದೆ. ನಿನ್ನ ಫೋಟೋ ಹಾಕಿದ್ದೀವಿ, ಅಷ್ಟು ಜನದ ನಡುವೆ ಅವರು ಪೇಪರ್ ಮಡಿಚಿ ಬಾಲ್ಕನಿಗೆ ಹೋಗಕ್ಕಾಗಲ್ಲ, ಅವತ್ತು ಸಾಯಂಕಾಲ ಫೋನಿನ ಹತ್ತಿರ ಇರು, ನಾನು ಅವರ ಕೈಗೆ ಕೊಡ್ತೀನಿ. ಅವಳ ಹಿಂದೆ ಮಗು ಏನೋ ಕುಟ್ಟುತ್ತಿತ್ತು.

"ಅಮ್ಮ, ಅಪ್ಪ 'ಬಾ' ಅಂದರೆ ಸಾಕು, ನಾಳೆಯೇ ಬರ್ತೀನಿ. ಆದರೆ ಇದೇ ಕೊನೆ. ಈ ಸಲವೂ ಇಲ್ಲ ಅಂದರೆ ಇನ್ನು ನಾನು ಕೇಳಲ್ಲ. ನೀನೂ ಕೇಳಬೇಡ."

ನನ್ನ ಮಗಳು ಸುಮ್ಮನೆ ಹೆದರಿಸುವವಳಲ್ಲ. ಕೇಳಲ್ಲ ಅಂದರೆ ಕೇಳುವುದಿಲ್ಲ. ಅದು ನನಗೆ ಗೊತ್ತು, ಅವಳ ತಮ್ಮನಿಗೂ ಗೊತ್ತು. ಅವನಿಗೆ ಇದನ್ನೆಲ್ಲ ನಾನೇ ಹೇಳಿದ್ದೆ.

ನೆಂಟರು ಬಂದಿಳಿದರು. ನಮ್ಮ ಯಜಮಾನರ ತಂಗಿ, ನನ್ನ ನಾದಿನಿ, ಬಂದವಳೇ ನಮ್ಮ ಮನೆಯ ಡಬ್ಬಗಳನ್ನೆಲ್ಲ ತೆಗೆದು ನೋಡಿದಳು. ಪಕ್ಕದ ಮನೆಯ ಗುಜರಾತಿ ಹೆಂಗಸರ ಜೊತೆ ಮೆಟ್ಟಿಲ ಮೇಲೆ ಕೂತು ಅವರ ಭಾಷೆಯ ನಾಲ್ಕು ಮಾತು ಕಲಿತಳು. ಇಲ್ಲಿ ವಯಸ್ಸಾದ ಹೆಂಗಸರನ್ನು 'ಬಾ' ಅಂತ ಕರೆಯುತ್ತಾರೆ, ನಾವು ಅಜ್ಜಿ, ಅಮ್ಮ ಅನ್ನುವ ಹಾಗೆ. ಅವಳಿಗೆ ಅದು ತಮಾಷೆ. "ಅತ್ತಿಗೆ, ಇವರು ನಿಮ್ಮನ್ನ ಬಾ ಬಾ ಅಂತಾರೆ. ಎಲ್ಲಿಗೆ ಅಂತ ಕೇಳಬೇಕು ಅನ್ಸುತ್ತೆ."

ಹಿಂದಿನ ದಿನ ನಾನು ಅಡುಗೆಮನೆಯಲ್ಲಿ ಚಕ್ಕುಲಿ ಹಿಟ್ಟಿನಲ್ಲಿ ಮುಳುಗಿದ್ದೆ. ಮಗ ರೂಮಿನ ಬಾಗಿಲು ಹಾಕಿಕೊಂಡು ಕೂತಿದ್ದ. ಒಂದು ಸಲ ಸೊಸೆಯ ಕೈಯಲ್ಲಿ ಕಾಫಿ ಕಳಿಸಿದೆ. ಅವಳು ಒಳಗೆ ಹೋದವಳು ಬೇಗ ಬರಲಿಲ್ಲ. ಬಂದ ಮೇಲೆ ನನ್ನ ಮುಖ ನೋಡಲಿಲ್ಲ. "ಏನ್ ಮಾಡ್ತಿದ್ದಾನೆ?" ಅಂದೆ. "ಏನೋ ಸ್ವಲ್ಪ ಸರಿ ಮಾಡ್ತಿದ್ದಾರೆ ಅತ್ತೆ" ಅಂದಳು. ಎಣ್ಣೆ ಕಾದಿತ್ತು, ನಾನು ಎದ್ದು ಹೋಗಿ ನೋಡಲಿಲ್ಲ.

ಹೋಮ ಆಯಿತು. ಊಟ ಆಯಿತು. ಕಿಟಕಿಗೆಲ್ಲ ಬೆಡ್‌ಶೀಟ್ ಕಟ್ಟಿ ಹಾಲು ಕತ್ತಲು ಮಾಡಿದರು. ಇವರನ್ನು ಹೊಸ ಪಂಚೆ, ಶಲ್ಯದಲ್ಲಿ ಮುಂದಿನ ಸಾಲಿನಲ್ಲಿ ಕೂರಿಸಿದರು, ಪಕ್ಕದಲ್ಲಿ ನಾನು. ನಾದಸ್ವರ ಶುರುವಾಯಿತು. ಇವರ ಅಪ್ಪ ಅಮ್ಮ ಬಂದರು, ಜರಡಿಯಲ್ಲಿ. ಸ್ಕೂಲಿನ ಗ್ರೂಪ್ ಫೋಟೋ ಬಂತು, ಬಾಗಿಲು ತೆಗೆದುಕೊಂಡು. ನಮ್ಮ ಮದುವೆ. ಜನ ಹೋ ಅಂದರು. ನಾನು ಇವರ ಮುಖವನ್ನೇ ನೋಡುತ್ತಿದ್ದೆ. ಮುಂದಿನದು ಯಾವುದು ಅಂತ ನನಗೆ ಗೊತ್ತಿತ್ತು. ಇವರ ಮುಖದ ಮೇಲೆ ಬೆಳಕು ಬದಲಾಯಿತು. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು.

ನಾನು ಪರದೆ ನೋಡಿದೆ. ಕಾಂಕರಿಯಾ ಕೆರೆ. ಇವರು ಇದ್ದಾರೆ. ಇವರ ಪಕ್ಕ ಅಂಟಿಕೊಂಡು ಯಾರೋ ಹೆಂಗಸು. ಯಾರಪ್ಪ ಇವಳು, ಯಾವ ಗುಜರಾತಿಯವಳು ಅಂದುಕೊಂಡೆ, ದೇವರಾಣೆ ಹಾಗೇ ಅನ್ನಿಸಿತು. ಸೆರಗು ಬಲಗಡೆ ಹೆಗಲ ಮೇಲೆ. ಮೂಗುಬೊಟ್ಟು ಎಡಗಡೆ. ಇಲ್ಲಿಯ ಹೆಂಗಸರು ಹಾಗೆ. ನಾನು ಸೆರಗು ಹೊದೆಯುವುದು ಎಡಗಡೆಗೆ, ಮೂಗು ಚುಚ್ಚಿಸಿದ್ದು ಬಲಗಡೆ, ನಮ್ಮಮ್ಮನಿಗೂ ಹಾಗೇ, ಅವರಮ್ಮನಿಗೂ ಹಾಗೇ. ತೊಡೆ ಮೇಲೆ ಮಗು ನೋಡಿದ ಮೇಲೆ ಗೊತ್ತಾಯಿತು ಅದು ನಾನೇ ಅಂತ. ಕನ್ನಡಿಯಲ್ಲಿ ಕಾಣುವ ಹಾಗೆ ತಿರುಗಿಸಿಬಿಟ್ಟಿದ್ದ.

"ಅಯ್ಯೋ ಅತ್ತಿಗೆ," ಅಂದಳು ನಾದಿನಿ, ಹಾಲಿಗೆಲ್ಲ ಕೇಳುವ ಹಾಗೆ, "ಆವತ್ತೇ ನೀವು ಗುಜರಾತಿ ಬಾ ಆಗ್ಬಿಟ್ಟಿದ್ರಲ್ಲ. ಮಗಳಿಗೆ ಬೈದದ್ದು ಯಾಕೆ ಹಾಗಾದರೆ?"

ನಕ್ಕರು. ಮಗಳ ಮಾತು ಎತ್ತಿದ್ದಕ್ಕೆ ಕೆಲವರು ನಡುವೆಯೇ ನಗು ನುಂಗಿದರು. ನಾನು ಫೋಟೋದ ನಡುಭಾಗ ಹುಡುಕುತ್ತಿದ್ದೆ. ನಡುಭಾಗವೇ ಇರಲಿಲ್ಲ. ಆಚೆ ಈಚೆ ಕತ್ತರಿಸಿ ಇವರನ್ನೂ ನನ್ನನ್ನೂ ತಂದು ಅಂಟಿಸಿದ್ದ. ನನ್ನನ್ನು ಇದ್ದ ಹಾಗೇ ತಂದು ಅಂಟಿಸಿದ್ದರೆ ಇಬ್ಬರ ನಡುವೆ ಅವಳ ಕೈ ಉಳಿಯುತ್ತಿತ್ತು, ನನ್ನ ತೋಳು ಹಿಡಿದ ಕೈ. ಅದಕ್ಕೇ ತಿರುಗಿಸಿದ್ದು, ಆಮೇಲೆ ಯೋಚಿಸಿದಾಗ ನನಗೆ ತಿಳಿಯಿತು. ತಿರುಗಿಸಿದರೆ ಆ ತೋಳು ಹೊರಗಿನ ಅಂಚಿಗೆ ಹೋಗುತ್ತೆ, ಅಲ್ಲಿ ಕತ್ತರಿಸಬಹುದು. ಇಂಜಿನಿಯರ್ ಬುದ್ಧಿ. ಆದರೆ ಪೂರ್ತಿ ಕತ್ತರಿಸಿದ್ದರೆ ನನ್ನ ತೋಳೂ ಹೋಗುತ್ತಿತ್ತು. ಹಾಗಾಗಿ ಸ್ವಲ್ಪ ಬಿಟ್ಟಿದ್ದ.

ಬೇರೆ ಫೋಟೋಗಳ ಹಾಗೆ ಬಂದು ಹೋಗಿದ್ದರೆ ಯಾರೂ ಗಮನಿಸುತ್ತಿರಲಿಲ್ಲ. ನಾನು ಹಾಕಿದ್ದ ಹೊತ್ತನ್ನು ಬದಲಾಯಿಸುವುದನ್ನು ಮರೆತಿದ್ದ. ಆ ಫೋಟೋ ಹೋಗಲೊಲ್ಲದು. ನಿಂತೇ ಇದೆ.

ಇವರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಕನ್ನಡಕ ಸರಿಮಾಡಿಕೊಂಡರು.

"ಆ ಬೆರಳು ಯಾರದು?" ಅಂದರು.

ನಾನೂ ಆಗಷ್ಟೇ ನೋಡಿದ್ದು. ಪರದೆಯ ಬಲ ತುದಿಯಲ್ಲಿ, ನನ್ನ ತೋಳಿನ ಮೇಲೆ, ಸಣ್ಣ ಸಣ್ಣ ಬೆರಳುಗಳು. ಕೈ ಇಲ್ಲ, ಹುಡುಗಿ ಇಲ್ಲ, ಬೆರಳು ಮಾತ್ರ ಹಿಡಿದುಕೊಂಡಿವೆ.

ಮಗ ಪ್ರೊಜೆಕ್ಟರ್ ಹತ್ತಿರದಿಂದ, "ಅದು ಸ್ಕ್ಯಾನರ್ ಮಿಸ್ಟೇಕ್ ಅಪ್ಪ. ಟೆಕ್ನಿಕಲ್ ಪ್ರಾಬ್ಲಮ್ಮು" ಅಂದ.

"ಗೆರೆ ಎಲ್ಲಿ ಕೂಡುತ್ತೆ, ಎಲ್ಲಿ ಕೂಡಲ್ಲ ಅಂತ ನೋಡ್ತಾನೇ ನನ್ನ ಆಯಸ್ಸು ಹೋಯ್ತು. ನನಗೆ ಟೆಕ್ನಿಕಲ್ ಹೇಳಬೇಡ. ಬೆರಳು ಯಾರದು ಅಂತ ಕೇಳಿದೆ."

"ನಿಮ್ಮ ಮಗಳದು," ಅಂದೆ ನಾನು.

"ಅವಳೆಲ್ಲಿ?"

"ನಿಮ್ಮ ಮಗನನ್ನ ಕೇಳಿ."

ಇವರು ಹಿಂದೆ ತಿರುಗಿದರು. "ಅವಳನ್ನ ಯಾಕೋ ತೆಗೆದೆ? ಸತ್ತು ಹೋಗಿದ್ದಾಳಾ?"

ಶಾಂತಿ ಮಾಡಿಸಿಕೊಂಡ ದಿನ, ಪುರೋಹಿತರು ಇನ್ನೂ ಹಾಲಿನಲ್ಲೇ ಇರುವಾಗ, ಆ ಮಾತು. ಯಾರೋ "ಶಾಂತಂ ಪಾಪಂ" ಅಂದರು. ಅಷ್ಟು ಹೊತ್ತಿಗೆ ಫೋಟೋದ ಹೊತ್ತು ಮುಗಿದು, ಮಾವ ಜರಡಿಯಲ್ಲಿ ಉದುರಿಕೊಂಡು ಬಂದ. ಅವನ ಹಿಂದೆ ಚಿಕ್ಕಜ್ಜಿ, ಚಾಪೆಯಲ್ಲಿ. ಯಂತ್ರಕ್ಕೇನು ಗೊತ್ತು, ಅದರ ಪಾಡಿಗೆ ಅದು ನಾದಸ್ವರ ಊದಿಕೊಂಡು ಎಲ್ಲರನ್ನೂ ತಂದು ತೋರಿಸುತ್ತಲೇ ಇತ್ತು. ಯಾರಾದರೂ ಬೆಡ್‌ಶೀಟ್ ತೆಗೆಯಿರಪ್ಪ ಅಂತ ಹೇಳಿ ನಾನು ಎದ್ದೆ.

ಮನೆಗೆ ಬಂದ ಮೇಲೆ ಮಗ ಅಡುಗೆಮನೆಗೆ ಬಂದ. ನಾನು ಮಿಕ್ಕಿದ್ದ ಹುಳಿಯನ್ನು ಸಣ್ಣ ಪಾತ್ರೆಗೆ ಬಗ್ಗಿಸುತ್ತಿದ್ದೆ.

"ಅಮ್ಮ, ಅಪ್ಪನಿಗೆ ಬಿಪಿ ಇದೆ. ಅಷ್ಟು ಜನದ ಮುಂದೆ ಎದ್ದು ಹೋಗಿಬಿಟ್ಟಿದ್ದರೆ ಏನು ಮಾಡಬೇಕಾಗಿತ್ತು?"

"ಎದ್ದು ಹೋಗ್ತಿದ್ದರು. ಹೋಗಲಿ. ಕಾಫಿ ಹೊತ್ತಿಗೆ ವಾಪಸ್ ಬರ್ತಿದ್ದರು. ಎಲ್ಲಿಗೆ ಹೋಗ್ತಾರೆ?"

"ಊರವರೆಲ್ಲ ಬಂದಿದ್ದರು. ಫಂಕ್ಷನ್ ಹಾಳಾಗಬಾರದು ಅಂತ."

"ಈಗ ಚೆನ್ನಾಗಾಯ್ತಾ ಫಂಕ್ಷನ್ನು?"

ತಲೆ ತಗ್ಗಿಸಿಕೊಂಡು, "ನಾನು ಡಿಲೀಟ್ ಮಾಡಿಲ್ಲ ಅಮ್ಮ. ಒರಿಜಿನಲ್ ಹಾಗೇ ಇದೆ. ಬರೀ ಒಂದು ಕಾಪಿಯಲ್ಲಿ ತೆಗೆದಿದ್ದು" ಅಂದ.

ಆಗ ನನಗೆ ಬಂದ ಸಿಟ್ಟು ಎಂಥದ್ದು ಅಂತ ಬರೆಯಲು ಬರುವುದಿಲ್ಲ. ಕೈಯಲ್ಲಿ ಸೌಟಿತ್ತು. ಸೌಟನ್ನು ಪಾತ್ರೆಯೊಳಗೆ ಇಟ್ಟೆ, ಕೈಯಲ್ಲೇ ಇಟ್ಟುಕೊಂಡಿದ್ದರೆ ಬೀಸುತ್ತಿದ್ದೆ.

"ನಿಮ್ಮಕ್ಕ ಫೋನಿನ ಮುಂದೆ ಕೂತಿದ್ದಾಳೆ ಕಣೋ. ಒರಿಜಿನಲ್ಲೇ ಕೂತಿದ್ದಾಳೆ. ಕಾಪಿ ಅಲ್ಲ. ಹೋಗಿ ಅವಳಿಗೆ ಹೇಳು, ನಿನ್ನನ್ನ ಕಾಪಿಯಲ್ಲಿ ಮಾತ್ರ ತೆಗೆದೆ ಅಂತ. ನಿನಗೆ ಧೈರ್ಯ ಇರಲಿಲ್ಲ ಅಂದರೆ ಅವತ್ತೇ ಆಗಲ್ಲ ಅನ್ನಬೇಕಿತ್ತು. ಆಯ್ತು ಅಂತ ನನ್ನ ಮುಂದೆ ಅಂದು, ಬಾಗಿಲು ಹಾಕಿಕೊಂಡು ಕತ್ತರಿ ಆಡಿಸ್ತೀಯ. ಅವಳು ಹಿಡಿದಿದ್ದು ನನ್ನ ಕೈ. ನನ್ನನ್ನ ಯಾರನ್ನ ಕೇಳಿ ತಿರುಗಿಸಿದೆ?"

ಸೊಸೆ ಬಾಗಿಲಲ್ಲಿ ನಿಂತು ಅಳುತ್ತಿದ್ದಳು. "ನೀನು ಅಳೋದಾದರೆ ಕಾಫಿ ಕೊಡೋಕೆ ಹೋದಾಗಲೇ ಅಳಬೇಕಿತ್ತು," ಅಂದೆ. ತಪ್ಪು ಅಂತ ನನಗೆ ಇವತ್ತಿಗೂ ಅನ್ನಿಸುವುದಿಲ್ಲ.

ಇನ್ನು ಇವರು. ಇವರ ಮೇಲೆ ಸಿಟ್ಟು ಬರಬಾರದಿತ್ತು, ಅವಳೆಲ್ಲಿ ಅಂತ ಕೇಳಿದ್ದು ಇವರೊಬ್ಬರೇ. ನಾನು ಫೋನನ್ನು ಎತ್ತಿಕೊಂಡು ಹೋಗಿ ಇವರ ಮಂಚದ ಮೇಲೆ ಇಟ್ಟೆ. "ಮಾಡಿ. ಕಾಯ್ತಿದ್ದಾಳೆ."

ಇವರು ಫೋನು ನೋಡಿದರು, ಕಿಟಕಿ ನೋಡಿದರು. "ನಾನ್ಯಾಕೆ ಮಾಡಲಿ? ಬರೋದಾದರೆ ಅವಳೇ ಬರಲಿ. ಬೇಡ ಅಂದವರು ಯಾರು?"

"ನೀವು. ಅಲ್ಲಿ ನಿಂತುಕೊಂಡು. ಹೊಸ್ತಿಲು ತುಳಿಯಬೇಡ ಅಂದ್ರಿ."

"ಆವತ್ತು ಅಂದೆ. ಯಾವತ್ತೂ ಬರಬೇಡ ಅಂದೆನಾ?"

ಹೀಗೆ ಒಬ್ಬ ಮನುಷ್ಯ ಹೇಳಬಹುದು ಅಂತ ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಗೋಡೆ ಪಕ್ಕ ಕೂತು ಮಗುವಿನ ಹಲ್ಲಿನ ವಿಷಯ ಕೇಳಿಸಿಕೊಂಡು, ಬೆರಳು ಕಂಡರೆ ಗುರುತು ಹಿಡಿದು, ಈಗ ಬೇಡ ಅಂದವರು ಯಾರು ಅಂತೆ. ಮಗ ಅಪ್ಪನಿಗೆ ಹೆದರಿ ಅಕ್ಕನನ್ನು ಕತ್ತರಿಸಿದ. ಅಪ್ಪನಿಗೆ ಅವಳು ಬೇಕಾಗಿತ್ತು, ಹೇಳಲು ನಾಚಿಕೆ. ಮಗಳಿಗೆ ಹಟ. ಇವರೆಲ್ಲರ ಮರ್ಯಾದೆ ಕಾಯುವುದಕ್ಕೆ ನಾನು ತರಕಾರಿ ಚೀಲ ಹಿಡಿದು ಬೂತಿಗೆ ಓಡಾಡಿದೆ. ಫೋನು ಅಲ್ಲೇ ಮಂಚದ ಮೇಲೆ ಇತ್ತು. ಯಾರೂ ಮುಟ್ಟಲಿಲ್ಲ. ನಾನೂ ಮುಟ್ಟಲಿಲ್ಲ. ಮುಟ್ಟಿ ಏನು ಹೇಳಲಿ ಅವಳಿಗೆ, ನಿನ್ನ ಫೋಟೋದಲ್ಲಿ ನೀನೇ ಇರಲಿಲ್ಲ ಅಂತಲಾ?

ಮಾರನೆ ದಿನ ಬೆಳಿಗ್ಗೆ ಮನೆ ತುಂಬಾ ನೆಂಟರು ಮಲಗಿದ್ದರು. ನಾನು ಸ್ನಾನ ಮಾಡಿ, ಹೊರಗೆ ಹೋಗುವ ಸೀರೆ ಉಟ್ಟು, ಚಕ್ಕುಲಿ ಡಬ್ಬ ಚೀಲಕ್ಕೆ ಹಾಕಿದೆ. ನಾದಿನಿ ಚಾಪೆ ಮೇಲಿಂದ ಎದ್ದು ಕೂತಳು.

"ಎಲ್ಲಿಗೆ ಅತ್ತಿಗೆ ಇಷ್ಟು ಹೊತ್ತಿಗೆ? ಕಾಫಿ?"

"ಹಾಲು ಬಾಗಿಲಲ್ಲಿದೆ. ಪುಡಿ ಯಾವ ಡಬ್ಬದಲ್ಲಿದೆ ಅಂತ ನಿನಗೇ ಗೊತ್ತು, ಬಂದ ದಿನವೇ ನೋಡಿದ್ದೀಯ."

ಇವರು ಹಲ್ಲುಜ್ಜುತ್ತಿದ್ದರು. "ನಾನು ಹೊರಟೆ. ಬರೋದಾದರೆ ಬನ್ನಿ. ಬರದಿದ್ದರೆ ನಿಮ್ಮ ತಂಗಿ ಕೈಲಿ ತಿಂಡಿ ಮಾಡಿಸಿಕೊಳ್ಳಿ" ಅಂದೆ. ಎಲ್ಲಿಗೆ ಅಂತ ಕೇಳಲಿಲ್ಲ. ಹಿಂದಿನ ದಿನದ ಶಲ್ಯವನ್ನೇ ಹೊದ್ದುಕೊಂಡು ಮೆಟ್ಟಿಲಿಳಿದು ಬಂದರು. ಮಗ ಸ್ಕೂಟರಿನ ಕೀಲಿ ಹಿಡಿದು ಹಿಂದೆ ಓಡಿ ಬಂದ, ಸ್ಟೇಷನ್ನಿಗೆ ಬಿಡ್ತೀನಿ ಅಂತ. "ನೀನು ಹೋಗಿ ನಿನ್ನ ಒರಿಜಿನಲ್ ನೋಡಿಕೋ" ಅಂದು ರಿಕ್ಷಾ ಹತ್ತಿದೆ.

ರೈಲಿನಲ್ಲಿ ನಾನು ಕಿಟಕಿ ಕಡೆ, ಇವರು ನನ್ನ ಕಡೆ. ಭರೂಚ್ ದಾಟಿ ನರ್ಮದೆಯ ಸೇತುವೆ ಬಂದಾಗ "ನೀರು ಕಡಿಮೆ ಇದೆ" ಅಂದರು. ಸೂರತ್ತಿನಲ್ಲಿ ಇಳಿದು ಹಜೀರಾ ಕಡೆ ಹೋಗುವ ಬಸ್ಸು ಹಿಡಿದೆವು. ದಾರಿಯುದ್ದಕ್ಕೂ ಲಾರಿ, ಹೊಗೆ, ಚಿಮಣಿ. ಮಗಳ ಕಾಲೊನಿಯ ಗೇಟು ಬಂತು. ಗೇಟಿನವನು ರಿಜಿಸ್ಟರ್ ತೆಗೆದು, ಯಾರ ಮನೆಗೆ ಅಂತ ಗುಜರಾತಿಯಲ್ಲಿ ಕೇಳಿದ.

ನಾನು ಒಂದು ಹೆಜ್ಜೆ ಹಿಂದೆ ಸರಿದೆ. "ಹೇಳಿ," ಅಂದೆ ಇವರಿಗೆ.

ಇವರು ಅವಳ ಹೆಸರು ಹೇಳಿದರು. ಅಷ್ಟು ವರ್ಷದ ಮೇಲೆ ಆ ಬಾಯಲ್ಲಿ ಆ ಹೆಸರು ಕೇಳಿದೆ. ಆದರೆ ಹೇಳಿದ್ದು ಅವಳ ಸ್ಕೂಲಿನ ಹೆಸರು, ಹಿಂದೆ ತಮ್ಮ ಹೆಸರು ಸೇರಿಸಿ. ಗೇಟಿನವನು ಬೆರಳಿಟ್ಟು ಪಟ್ಟಿ ನೋಡಿ, ಆ ಹೆಸರಿನವರು ಇಲ್ಲಿ ಯಾರೂ ಇಲ್ಲ ಅಂದ. ಇವರು ಇದ್ದಾಳೆ ಅಂದರು. ಅವನು ಇಲ್ಲ ಅಂದ. ಇವರು ನನ್ನ ಕಡೆ ತಿರುಗಿದರು.

"ನನ್ನನ್ನೇನು ನೋಡ್ತೀರಿ? ಅವಳ ಈಗಿನ ಹೆಸರು ಹೇಳಿ."

"ನೀನೇ ಹೇಳು."

"ನಾನು ಹೇಳಲ್ಲ. ನಿಮ್ಮ ಅಳಿಯನ ಹೆಸರು ಗೊತ್ತಿಲ್ಲವಾ ನಿಮಗೆ?"

ಗೊತ್ತಿತ್ತು. ಮನೆಹೆಸರು ಸಮೇತ ಗೊತ್ತಿತ್ತು. ಬಿಸಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡು, ಇಲ್ಲಿಯವರ ಕ್ರಮದಂತೆ ಮೊದಲು ಮಗಳ ಹೆಸರು, ಅದರ ಹಿಂದೆ ಅಳಿಯನ ಹೆಸರು, ಅದರ ಹಿಂದೆ ಅವರ ಮನೆಹೆಸರು, ಒಂದೊಂದಾಗಿ ಹೇಳಿದರು. ಗೇಟಿನವನು ಬರೆದುಕೊಂಡು, ಮೂರನೇ ಬ್ಲಾಕು ಅಂತ ಕೈ ತೋರಿಸಿದ. ಇವರು ಸಹಿ ಹಾಕಲು ಪೆನ್ನು ಹುಡುಕುತ್ತಾ ನಿಂತರು. ನಾನು ಚೀಲ ಎತ್ತಿಕೊಂಡು, ಅವರಿಗಾಗಿ ಕಾಯದೆ, ಗೇಟಿನೊಳಗೆ ನಡೆದೆ.